ಒಂದು ಗೇಣು ಟೇಪು

"ಫ್ಯಾನ್ ಆರಿಸ್ರಿ" ಎಂದ ಹಾಲೇಶಪ್ಪ.

ಜಗಳೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಅಂಥ ಮಾತನ್ನು ಆ ಠಾಣೆಯೊಳಗೆ ಇದುವರೆಗೆ ಯಾರೂ ಆಡಿರಲಿಲ್ಲ. ರೈಟರ್ ಗೋಣೆಪ್ಪ ಸಬ್ ಇನ್‌ಸ್ಪೆಕ್ಟರ್ ಕಲ್ಲೇಶಪ್ಪನವರ ಮುಖ ನೋಡಿದ. ಕಲ್ಲೇಶಪ್ಪನವರು ಗೋಡೆಯ ಗಡಿಯಾರ ನೋಡಿದರು. ಚಿತ್ರದುರ್ಗದ ಬಸ್ಸಿಗೆ ಇನ್ನು ಒಂದು ಗಂಟೆ ಇತ್ತು. ಲಾಕಪ್ಪಿನಲ್ಲಿದ್ದ ತಿಪ್ಪೇಶಪ್ಪನನ್ನು ಆ ಬಸ್ಸಿನಲ್ಲಿ ಕೋರ್ಟಿಗೆ ಕರೆದೊಯ್ಯಬೇಕಿದ್ದ ಪೇದೆ ಆಗಲೇ ಬೂಟು ಬಿಗಿದು ಕೂತಿದ್ದ.

"ಆರಿಸು" ಎಂದರು.

ಫ್ಯಾನು ಎರಡು ಸುತ್ತು ಕಿರುಗುಟ್ಟಿ ನಿಂತಿತು. ಎಲ್ಲರ ಕುತ್ತಿಗೆಯಲ್ಲೂ ಬೆವರು ಇಳಿಯತೊಡಗಿತು.

ಹನ್ನೊಂದು ವರ್ಷದ ಕೆಳಗೆ, ಎಪ್ಪತ್ಮೂರರಲ್ಲಿ, ಬಾವಿಯಲ್ಲಿ ಹೆಣವಾಗಿ ತೇಲಿದ ಸಣ್ಣತಿಮ್ಮಪ್ಪ ಮೇಷ್ಟ್ರನ್ನು ನೂಕಿದವನು ಕುರಿ ಕಾಯುವ ತಿಪ್ಪೇಶಪ್ಪನೇ ಎಂದು ಕ್ಯಾಸೆಟ್ಟೊಂದು ಹೇಳಿತ್ತು. ದನಿ ಅಜ್ಜಮ್ಮನದು. ಅಜ್ಜಮ್ಮ ಸತ್ತು ಆರು ವರ್ಷವಾಗಿತ್ತು. ಸತ್ತವಳನ್ನು ಮರುಪ್ರಶ್ನೆ ಕೇಳುವಂತಿರಲಿಲ್ಲ.

ಆ ಕ್ಯಾಸೆಟ್ಟಿನ ತಾಯಿ, ಅಂದರೆ ಮೂಲ ಟೇಪು, ಈಗ ಮೇಜಿನ ಮೇಲಿತ್ತು. ಅಂಗೈಯಗಲದ ಸ್ಪೂಲು, ಅದರ ತುಂಬ ಕಂದು ಬಣ್ಣದ ಟೇಪು. ಹೊನ್ನಾಳಿಯ ಕ್ಯಾಸೆಟ್ ಅಂಗಡಿಯ ಮಲ್ಲಿಕಾರ್ಜುನಪ್ಪನ ಕಪಾಟಿನಿಂದ ಅದನ್ನು ಪಂಚನಾಮೆ ಮಾಡಿ ತಂದು, ಎರಡು ದಿನದ ಮಟ್ಟಿಗೆ ಹಾಲೇಶಪ್ಪನ ಕೈಗೆ ಕೊಟ್ಟಿದ್ದರು. ಕೊಡಿಸಿದವಳು ತಿಪ್ಪೇಶಪ್ಪನ ಹೆಂಡತಿ ದುರುಗಕ್ಕ. ಚನ್ನಗಿರಿಯಲ್ಲಿ ಕೆಟ್ಟ ರೇಡಿಯೋ ಮಾತಾಡಿಸುವವನೊಬ್ಬ ಇದ್ದಾನೆ, ಹಳೇ ಟೇಪನ್ನು ಅವನಿಗೆ ತೋರಿಸದೆ ನನ್ನ ಗಂಡನನ್ನು ಬಸ್ಸು ಹತ್ತಿಸಬೇಡಿ ಎಂದು ಅವಳು ಮೂರು ದಿನ ಠಾಣೆಯ ಕಟ್ಟೆ ಬಿಟ್ಟು ಎದ್ದಿರಲಿಲ್ಲ.

ಈಗಲೂ ಅವಳು ಹೊಸ್ತಿಲ ಹೊರಗೆ ಕೂತಿದ್ದಳು. ಒಳಗೆ ಕುರ್ಚಿಯ ಮೇಲೆ ಬಿಳಿ ಸಫಾರಿ ತೊಟ್ಟ ಮಲ್ಲಿಕಾರ್ಜುನಪ್ಪ. ಹನ್ನೊಂದು ವರ್ಷದ ಹಿಂದೆ ಅವನು ಮೇಷ್ಟ್ರ ಜೊತೆ ಊರೂರು ತಿರುಗಿ ಹೆಂಗಸರ ಹಾಡುಗಳನ್ನು ಟೇಪಿಗೆ ಹಿಡಿಯುತ್ತಿದ್ದವನು. ಮೇಷ್ಟ್ರು ಸತ್ತ ಮೇಲೆ ಯಂತ್ರ ಅವನ ಪಾಲಿಗೆ ಬಂತು. ಅಜ್ಜಮ್ಮನ ಮಾತನ್ನು ಆ ವರ್ಷವೇ ಟೇಪಿಗೆ ಹಿಡಿದವನೂ ಅವನೇ, ಈಗ ಅದನ್ನು ಕ್ಯಾಸೆಟ್ಟಿಗೆ ಇಳಿಸಿ ಪೊಲೀಸರಿಗೆ ತಂದುಕೊಟ್ಟವನೂ ಅವನೇ.

ಹಾಲೇಶಪ್ಪ ಯಾರ ಕಡೆಗೂ ನೋಡಲಿಲ್ಲ. ಚನ್ನಗಿರಿಯಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದ ಸ್ಪೂಲ್ ರೆಕಾರ್ಡರಿಗೆ ಕರೆಂಟು ಕೊಟ್ಟು, ಒಳಗಿನ ವಾಲ್ವುಗಳು ಕೆಂಪಾಗುವವರೆಗೆ ಕಾದ. ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಟೇಪು ಉಜ್ಜಿ ಹೋಗುವ ಹೆಡ್ಡನ್ನು ಒರೆಸಿದ. ಹತ್ತಿಯ ಮೇಲೆ ಕಂದು ಪುಡಿ ಬಂತು. ಮತ್ತೆ ಒರೆಸಿದ. ಮೂರನೆಯ ಹತ್ತಿ ಬಿಳಿಯಾಗಿಯೇ ಉಳಿದ ಮೇಲೆ ಸ್ಪೂಲನ್ನು ಗೂಟಕ್ಕೆ ಕೂರಿಸಿದ.

ಇದು ಇನ್ನೂ ಎಷ್ಟು ಹೊತ್ತು ಎಂದು ಗೋಣೆಪ್ಪ ಗೊಣಗಿದ. ಹನ್ನೊಂದು ವರ್ಷ ಕಾದದ್ದು ಇನ್ನೊಂದು ನಿಮಿಷ ಕಾಯಲಿ ಎಂದು ಹಾಲೇಶಪ್ಪ ಮೆಲ್ಲಗೆ ಹೇಳಿದ. ಹಿಂದೆ ಟೆಂಟ್ ಸಿನಿಮಾದ ಜನರೇಟರ್ ಪಕ್ಕ ಮಲಗಿ ಮಲಗಿ ಅವನ ಎಡಗಿವಿ ಹೋಗಿತ್ತು. ಆದ್ದರಿಂದ ಅವನು ಎಲ್ಲವನ್ನೂ ಬಲಕ್ಕೆ ಬಾಗಿಯೇ ಕೇಳುತ್ತಿದ್ದ. ಮಲ್ಲಿಕಾರ್ಜುನಪ್ಪ ಅದನ್ನು ನೋಡಿ ನಕ್ಕ.

"ಒಂದು ಕಿವಿ ಕೇಳದೋನು ಸತ್ತೋರ ಮಾತು ಕೇಳಿಸ್ತಾನಂತೆ, ಸಾಹೇಬ್ರೆ."

"ಎರಡು ಕಿವಿ ಇದ್ದೋರಿಗೆ ಎರಡು ಥರ ಕೇಳಿಸ್ತೈತೆ, ಮಲ್ಲಣ್ಣೋರೆ" ಎಂದ ಹಾಲೇಶಪ್ಪ. "ನನಗೆ ಒಂದೇ ಥರ."

ಗುಂಡಿ ಒತ್ತಿದ.

ಮೊದಲು ಹಾಡು. ಬೀಸುವ ಕಲ್ಲಿನ ಮುಂದೆ ಹಾಡಿದಂಥ ದನಿ, ಗಡಸು, ತುಂಬಿದ್ದು. ಹಾಡಲ್ಲ, ಕೂಗು. ಯಂತ್ರಕ್ಕೆ ಕಿವಿ ಮಂದ ಎಂದು ತಿಳಿದ ಅಜ್ಜಮ್ಮ ಮೂರು ಹೊಲದಾಚೆ ಇರುವವರನ್ನು ಕರೆಯುವಂತೆ ಮೈಕಿಗೆ ಕೂಗುತ್ತಿದ್ದಳು. ಮೆಲ್ಲಗೆ ಹೇಳಜ್ಜಿ ಎಂದು ನಡುವೆ ಮಲ್ಲಿಕಾರ್ಜುನಪ್ಪನ ಹರೆಯದ ದನಿ ಗದರಿತು. ಹಾಡು ಮುಗಿಯಿತು. ಮೇಷ್ಟ್ರ ಸಂಗತಿ ಕೇಳಿದ್ದಕ್ಕೆ ಅಜ್ಜಮ್ಮ ಮತ್ತೂ ಜೋರಾಗಿ ಕೂಗಿದಳು.

"ಮೇಷ್ಟ್ರನ್ನ ಬಾವಿಗೆ ನೂಕಿದೋನು ತಿಪ್ಪೇಶಿ."

ಆಮೇಲೆ ಮಾತಿಲ್ಲ. ಎಲೆಅಡಿಕೆ ಅಗಿಯುವ ಬಿಡುವು. ಹಾಲೇಶಪ್ಪ ನಿಲ್ಲಿಸಿದ.

ಲಾಕಪ್ಪಿನ ಸರಳಿನ ಹಿಂದೆ ತಿಪ್ಪೇಶಪ್ಪ ಎದ್ದು ನಿಂತಿದ್ದ. ಅಜ್ಜಮ್ಮ ಅವನ ಸೋದರತ್ತೆ. ಎತ್ತಿ ಆಡಿಸಿದವಳ ಬಾಯಿಂದ ಹೀಗೆ ಕೇಳಿಸಿಕೊಳ್ಳುವುದು ಅವನಿಗೆ ಇದು ಎರಡನೆಯ ಸಲ. ಅವನು ಸರಳನ್ನು ಹಿಡಿದುಕೊಂಡ.

"ಕ್ಯಾಸೆಟ್ಟಿನಾಗೂ ಇದೇ ಐತಲ್ಲ" ಎಂದರು ಕಲ್ಲೇಶಪ್ಪನವರು.

ಹಾಲೇಶಪ್ಪ ಸ್ಪೂಲನ್ನು ಕೈಯಿಂದಲೇ ಒಂದಿಷ್ಟು ತಿರುಗಿಸಿ, ಟೇಪನ್ನು ಬೆರಳ ಮೇಲೆ ಎತ್ತಿ ಬೆಳಕಿಗೆ ಹಿಡಿದ. ತಿಪ್ಪೇಶಿ ಎಂಬ ಮಾತು ಮುಗಿಯುವ ಜಾಗದಲ್ಲಿ ಒಂದು ಬೆಸುಗೆ ಇತ್ತು. ಎರಡು ತುದಿ ಕೂಡಿಸಿ ಹಿಂದಿನಿಂದ ಅಂಟುಪಟ್ಟಿ ಹಚ್ಚಿದ್ದರು. ಕಲ್ಲೇಶಪ್ಪನವರು ಕನ್ನಡಕ ಏರಿಸಿ ನೋಡಿದರು.

ಮಲ್ಲಿಕಾರ್ಜುನಪ್ಪ ತಡಮಾಡಲಿಲ್ಲ. ಹಳೇ ಟೇಪು, ಬೇಸಿಗೆಗೆ ಗರಿಗರಿಯಾಗಿರುತ್ತದೆ, ಕ್ಯಾಸೆಟ್ಟಿಗೆ ಇಳಿಸುವಾಗ ಒಂದು ಕಡೆ ಪಟ್ಟೆಂದು ಹರಿಯಿತು, ಅಂಟಿಸಿದೆ, ಅದರಲ್ಲೇನು ಎಂದ. ಹರಿದ ಟೇಪು ಕೂಡಿಸದ ಮೆಕ್ಯಾನಿಕ್ ಯಾರಿದ್ದಾನೆ ಎಂದು ಹಾಲೇಶಪ್ಪನನ್ನೇ ಕೇಳಿದ.

ಅದು ನಿಜ ಎಂದು ಹಾಲೇಶಪ್ಪ ಒಪ್ಪಿದ. ಆದರೆ ಹರಿದ ಟೇಪು ಮೊದಲು ಜಗ್ಗಿ, ಹಾವಿನ ನಾಲಗೆಯಂತೆ ತೆಳ್ಳಗಾಗಿ, ಆಮೇಲೆ ಹರಿಯುತ್ತದೆ. ಇದರ ಎರಡು ತುದಿಯೂ ಬ್ಲೇಡಿನಿಂದ ಕೊಯ್ದಂತೆ ನೆಟ್ಟಗಿವೆ ಎಂದು ತೋರಿಸಿದ. ಕೂಡಿಸುವ ಮುಂಚೆ ತುದಿಯನ್ನು ಓರಣ ಮಾಡಬೇಕಾಗುತ್ತದೆ ಎಂದ ಮಲ್ಲಿಕಾರ್ಜುನಪ್ಪ. ಅದೂ ನಿಜ ಎಂದ ಹಾಲೇಶಪ್ಪ.

ಹೊಸ್ತಿಲ ಹೊರಗೆ ದುರುಗಕ್ಕ ತಲೆ ಎತ್ತಿದಳು. ಎಲ್ಲಕ್ಕೂ ನಿಜ ನಿಜ ಎನ್ನುವವನನ್ನು ನಂಬಿ ಕೆಟ್ಟೆನೇ ಎಂಬಂತಿತ್ತು ಅವಳ ನೋಟ.

"ಓರಣ ಮಾಡಾಕೆ ಎಷ್ಟು ಕೊಯ್ದ್ರಿ?" ಎಂದು ಕೇಳಿದ ಹಾಲೇಶಪ್ಪ.

"ಒಂದು ನೂಲು. ಹೆಚ್ಚಂದ್ರೆ ಎರಡು, ಕಾಲಿಂಚು."

"ಬರಕೊಳ್ರಿ ಗೋಣೆಪ್ಪೋರೆ. ಎರಡು ನೂಲು."

ಗೋಣೆಪ್ಪ ಬರೆದುಕೊಂಡ.

ಚನ್ನಗಿರಿಯಲ್ಲೇ ಟೇಪಿಗೆ ಹಿಡಿದು ಕತ್ತರಿಸಿದ್ದ ಬಿಳಿ ದಾರದ ಎರಡು ತುಂಡನ್ನು ಹಾಲೇಶಪ್ಪ ಜೇಬಿನಿಂದ ತೆಗೆದು ಮೇಜಿನ ಮೇಲೆ ಇಟ್ಟ. ಆಮೇಲೆ ದುರುಗಕ್ಕನ ಕಡೆ ತಿರುಗಿ, ಹೊಸ ಕೆಂಪು ಸೀರೆಯನ್ನು ಬಿಳಿ ಪಂಚೆಯ ಪಕ್ಕ ಮಡಿಸಿ ಟ್ರಂಕಿನಲ್ಲಿಟ್ಟರೆ ಏನಾಗುತ್ತದೆ ಎಂದು ಕೇಳಿದ.

ಠಾಣೆಯಲ್ಲಿ ಸೀರೆಯ ಮಾತು ಯಾಕೆ ಬಂತೆಂದು ತಿಳಿಯದೆ ಅವಳು ಕಲ್ಲೇಶಪ್ಪನವರ ಕಡೆ ನೋಡಿದಳು.

"ಬಣ್ಣ ಹತ್ತತೈತೆ" ಎಂದಳು. "ಸೆಕೆಗಾಲದಾಗಂತೂ ಅಂಚಿನ ಹೂವಾ ಸೈತ ಮೂಡತೈತೆ."

"ಟೇಪೂ ಹಂಗೇ ತಾಯಿ."

ಸುತ್ತಿನ ಮೇಲೆ ಸುತ್ತಾಗಿ ಕೂತ ಟೇಪಿನಲ್ಲಿ ಒಂದು ಸುತ್ತಿನ ದನಿ ಮೇಲಿನ ಸುತ್ತಿಗೆ ಹತ್ತುತ್ತದೆ. ಮೆಲ್ಲಗೆ ಆಡಿದ ಮಾತು ಹತ್ತುವುದಿಲ್ಲ, ಕೂಗಿದ್ದು ಹತ್ತುತ್ತದೆ. ಹೊನ್ನಾಳಿಯ ಅಂಗಡಿಯ ಕಪಾಟಿನಲ್ಲಿ ಹನ್ನೊಂದು ಬೇಸಿಗೆ ಕಳೆದ ಟೇಪಿನಲ್ಲಿ ಗಟ್ಟಿಯಾಗಿ ಹತ್ತುತ್ತದೆ. ಆದ್ದರಿಂದ ಅಜ್ಜಮ್ಮ ಒಂದು ಮಾತು ಕೂಗಿ ಸುಮ್ಮನಾದರೆ, ಸರಿಯಾಗಿ ಒಂದು ಸುತ್ತು ಟೇಪು ಓಡಿದ ಮೇಲೆ ಅದೇ ಮಾತು ಪಿಸುಗುಟ್ಟಿದಂತೆ ಇನ್ನೊಮ್ಮೆ ಕೇಳಿಸುತ್ತದೆ. ಹಾಲೇಶಪ್ಪ ಅದನ್ನು ನೆರಳು ಎನ್ನುತ್ತಿದ್ದ. ಕ್ಯಾಸೆಟ್ಟಿಗೆ ಇಳಿಸಿದಾಗ ಕ್ಯಾಸೆಟ್ಟಿನದೇ ಸರಸರ ಸದ್ದಿನಲ್ಲಿ ಆ ನೆರಳು ಮುಳುಗಿಹೋಗುತ್ತದೆ. ತಾಯಿ ಟೇಪಿನಲ್ಲಿ ಉಳಿದಿರುತ್ತದೆ.

ಉದ್ದನೆಯ ದಾರ ಹಾಡಿನ ಕೊನೆಯ ಪದಕ್ಕೂ ಅದರ ನೆರಳಿಗೂ ನಡುವಿನ ಅಳತೆ. ಒಂದು ಪೂರ್ತಿ ಸುತ್ತು. ಇನ್ನೊಂದು ದಾರ ತಿಪ್ಪೇಶಿ ಎಂಬ ಮಾತಿಗೂ ಅದರ ನೆರಳಿಗೂ ನಡುವಿನದು. ಟೇಪಿನ ಒಂದೇ ಭಾಗ, ಒಂದೇ ದಪ್ಪದ ಸುತ್ತು. ನಡುವೆ ಟೇಪು ಕೊಯ್ದು ತೆಗೆದಿರದಿದ್ದರೆ ಎರಡೂ ದಾರ ಸರಿಸಮ ಇರಬೇಕಿತ್ತು.

ಕಲ್ಲೇಶಪ್ಪನವರು ಎರಡನ್ನೂ ಪಕ್ಕಪಕ್ಕ ಎಳೆದು ಹಿಡಿದರು. ಕಡಿಮೆ ಬಿದ್ದ ಜಾಗಕ್ಕೆ ಹೆಬ್ಬೆರಳು ಊರಿ ಕಿರುಬೆರಳು ಚಾಚಿದರು. ಸರಿಯಾಗಿ ಕೂತಿತು.

"ಒಂದು ಗೇಣು" ಎಂದರು.

"ಎರಡು ನೂಲು ಅಂತ ಬರಸಿದ್ರು" ಎಂದ ಗೋಣೆಪ್ಪ, ತನ್ನ ಪುಸ್ತಕ ನೋಡುತ್ತ.

ಮಲ್ಲಿಕಾರ್ಜುನಪ್ಪ ಕಾಲ ಮೇಲಿನ ಕಾಲು ತೆಗೆದ. ದಾರ, ಸೀರೆ, ನೆರಳು, ಇವು ಯಾವ ಕೋರ್ಟಿನಲ್ಲಿ ನಡೆಯುತ್ತವೆ ಎಂದು ಕೇಳಿದ. ಒಂದು ಗೇಣು ಹಾಳಾಗಿದ್ದರೆ ಹಾಳಾಗಿದೆ, ಅದರಲ್ಲಿ ಮುದುಕಿ ಕೆಮ್ಮಿದ್ದಳೋ ಉಗಿದಿದ್ದಳೋ ಯಾರಿಗೆ ಗೊತ್ತು ಎಂದ.

"ಕೇಳಾನ ಬಿಡ್ರಿ" ಎಂದ ಹಾಲೇಶಪ್ಪ. "ಕೊಯ್ದ ತುಂಡು ನೀವು ಒಲೆಗೆ ಹಾಕಿರಬೌದು. ಅದರ ಬಣ್ಣ ಮೇಲಿನ ಸುತ್ತಿಗೆ ಹತ್ಯೈತಲ್ಲ, ಅದನ್ನೇನು ಮಾಡ್ತೀರಿ?"

ಸ್ಪೂಲನ್ನು ಕೈಯಿಂದ ಹಿಂದಕ್ಕೆ ತಿರುಗಿಸಿದ. ರೆಕಾರ್ಡರಿನ ಬೆನ್ನಿಗೆ ಮದುವೆಮನೆಯ ಆಂಪ್ಲಿಫೈಯರ್ ಸಿಕ್ಕಿಸಿ ಅದರ ಗುಂಡಿಯನ್ನು ಕೊನೆಯವರೆಗೆ ತಿರುವಿದ. ಯಾರೂ ಕಾಲು ಅಲ್ಲಾಡಿಸಬಾರದು ಎಂದ. ಪೇದೆ ತನ್ನ ಬೂಟನ್ನು ನೆಲದಿಂದ ಎತ್ತಿಯೇ ಹಿಡಿದ.

ಅಜ್ಜಮ್ಮನ ಕೂಗಿಗೆ ಕಿಟಕಿಯ ಗಾಜು ನಡುಗಿತು. ನೂಕಿದೋನು ತಿಪ್ಪೇಶಿ. ಬೆಸುಗೆ ಹೆಡ್ಡಿನ ಮೇಲೆ ಟಕ್ ಎಂದು ದಾಟಿತು. ಆಮೇಲೆ ಬಿಡುವು. ಬಿಡುವಿನ ತಳದಲ್ಲಿ, ಗೋಡೆಯಾಚೆಯ ಮನೆಯಲ್ಲಿ ಯಾರೋ ಮಾತಾಡಿದಷ್ಟು ಸಣ್ಣಗೆ, ಅದೇ ಗಡಸು ಕಂಠ.

ತಿಪ್ಪೇಶಿ ಅಲ್ಲ.

ಹಾಲೇಶಪ್ಪನ ಹೆಬ್ಬೆರಳು ಗುಂಡಿ ಒತ್ತಿತು. ಟೇಪು ನಿಂತಿತು.

ಕನ್ನಡದಲ್ಲಿ ಅಲ್ಲ ಎನ್ನುವುದು ಮಾತಿನ ಬಾಲದಲ್ಲಿ ಬರುತ್ತದೆ. ಬಾಲ ಕೊಯ್ದರೆ ನಿರಪರಾಧಿ ಅಪರಾಧಿಯಾಗುತ್ತಾನೆ. ಅದಕ್ಕೆ ಒಂದು ಬ್ಲೇಡು ಸಾಕು.

ಕಲ್ಲೇಶಪ್ಪನವರು ಇನ್ನೊಮ್ಮೆ ಎಂದು ಬೆರಳೆತ್ತಿದರು. ಹಾಲೇಶಪ್ಪ ಇನ್ನೊಮ್ಮೆ ಕೇಳಿಸಿದ. ಈ ಸಲ ಅದನ್ನು ಮೊದಲು ಹೇಳಿದವನು ಬೂಟಿನ ಪೇದೆ. "ಅಲ್ಲ ಅಂದ್ಲು ಸಾರ್" ಎಂದು ಬೂಟನ್ನು ನೆಲಕ್ಕೆ ಬಿಟ್ಟ. ಅಲ್ಲ ಎಂದದ್ದು ತನಗೂ ಕೇಳಿಸಿತೆಂದು ಗೋಣೆಪ್ಪ ಬರೆದುಕೊಂಡ. ಕಿಟಕಿಯ ಹೊರಗೆ ಬಗ್ಗಿ ನಿಂತಿದ್ದ ಚಹಾದಂಗಡಿಯವನೂ ಹೂಂ ಎಂದ.

ಬಸ್ಸಿಗೆ ಯಾರನ್ನೂ ಹತ್ತಿಸುವುದು ಬೇಡ, ಮುಚ್ಚಳಿಕೆ ಬರೆಸಿಕೊಂಡು ತಿಪ್ಪೇಶಪ್ಪನನ್ನು ಬಿಡಿ, ಕೋರ್ಟಿಗೆ ನಾನೇ ವರದಿ ಕೊಡುತ್ತೇನೆ ಎಂದು ಕಲ್ಲೇಶಪ್ಪನವರು ಹೇಳಿದರು. ಹೇಳುವಾಗ ತಿಪ್ಪೇಶಪ್ಪನ ಮುಖ ನೋಡಲು ಅವರಿಗೆ ಆಗಲಿಲ್ಲ. ಕೀಲಿಕೈ ಗೊಂಚಲು ಪೇದೆಯ ಕೈಯಲ್ಲಿ ಝಣಗುಟ್ಟಿತು. ಯಾವ ಆಂಪ್ಲಿಫೈಯರೂ ಇಲ್ಲದೆ ಆ ಸದ್ದು ಠಾಣೆಯ ತುಂಬ ಕೇಳಿಸಿತು.

ದುರುಗಕ್ಕ ಅಳಲಿಲ್ಲ. ಎದ್ದು ಹೊಸ್ತಿಲು ದಾಟಿ ಬಂದಳು. ಮೂರು ದಿನದಲ್ಲಿ ಅವಳು ಒಳಗೆ ಕಾಲಿಟ್ಟದ್ದು ಅದೇ ಮೊದಲು. ಗಂಡನ ಹೆಗಲ ಕಂಬಳಿ ಜಾರಿದ್ದನ್ನು ಸರಿಮಾಡಿದಳು. ಆಮೇಲೆ ಮೇಜಿನ ಹತ್ತಿರ ಬಂದು, ಸ್ಪೂಲನ್ನು ಮುಟ್ಟದೆ, ಅದರ ಮೇಲೆ ಒಂದು ಸಲ ಕೈ ಆಡಿಸಿ ನೆಟಿಕೆ ಮುರಿದಳು.

"ನಮ್ಮತ್ತೆ ಕೂಗಿ ಮಾತಾಡ್ತಾಳೆ ಅಂತ ಊರೆಲ್ಲ ಬಯ್ಯಾರು, ಯಣ್ಣ" ಎಂದಳು. "ಕೂಗಿದ್ದೇ ಒಳ್ಳೇದಾತು ನೋಡು."

ಹಾಲೇಶಪ್ಪನ ಎದೆಯಲ್ಲಿ ಏನೋ ಅಗಲವಾಯಿತು. ಹತ್ತು ವರ್ಷದಿಂದ ಜನರ ಕೆಟ್ಟ ರೇಡಿಯೋ ಸರಿಮಾಡಿದ್ದ. ಸತ್ತವಳೊಬ್ಬಳ ಮಾತನ್ನು ಸರಿಮಾಡಿ ಬದುಕಿದವನೊಬ್ಬನ ಕೈಗೆ ಕೊಟ್ಟದ್ದು ಇದೇ ಮೊದಲು. ಅವನು ಅದನ್ನು ಯಾರಿಗೂ ತೋರಿಸಲಿಲ್ಲ. ಹತ್ತಿ ಸುತ್ತಿದ ಕಡ್ಡಿಗಳನ್ನು ಆಯ್ದು ಕಾಗದದಲ್ಲಿ ಕಟ್ಟಿಕೊಂಡ.

"ಮುಂದೆ?" ಎಂದರು ಕಲ್ಲೇಶಪ್ಪನವರು.

"ಮುಂದೇನು ಸಾಹೇಬ್ರೆ?"

"ಒಂದು ಗೇಣು ಹೋಗೈತೆ ಅಂದ್ರಿ. 'ಅಲ್ಲ' ಅನ್ನಾಕೆ ಒಂದು ಗೇಣು ಬೇಕಾ? ಉಳಿದದ್ದರಾಗೆ ಏನೈತೆ?"

ಹಾಲೇಶಪ್ಪನ ಕೈ ನಿಂತಿತು. ಉಳಿದದ್ದನ್ನು ಅವನೂ ಕೇಳಿರಲಿಲ್ಲ. ಟೇಪನ್ನು ಬಿಚ್ಚಿ ಸುತ್ತಿದಷ್ಟೂ ನೆರಳು ಅಳಿಸುತ್ತದೆ. ಅದಕ್ಕೇ ಚನ್ನಗಿರಿಯ ಅಂಗಡಿಯಲ್ಲಿ ಅವನು ಒಂದೇ ಸಲ, ಬೇಕಾದಷ್ಟೇ ಓಡಿಸಿ, 'ಅಲ್ಲ' ಬಂದೊಡನೆ ನಿಲ್ಲಿಸಿದ್ದ. ಕೆಲಸ ಬಲ್ಲವನ ಮಿತವ್ಯಯ ಅದು. ತಿಪ್ಪೇಶಪ್ಪನಿಗೆ ಅಷ್ಟು ಸಾಕಿತ್ತು.

ಆಗ ಅವನು ಮಲ್ಲಿಕಾರ್ಜುನಪ್ಪನನ್ನು ನೋಡಿದ. ಹೆದರಿರಬೇಕಾದವನು ಹೆದರಿರಲಿಲ್ಲ. ಹಾಲೇಶಪ್ಪನನ್ನೇ ದಿಟ್ಟಿಸುತ್ತ, ಬೇಡ ಎಂಬಂತೆ ತಲೆಯನ್ನು ಮೆಲ್ಲಗೆ ಆಡಿಸಿದ.

ಹಾಲೇಶಪ್ಪ ಗುಂಡಿ ಒತ್ತಿದ.

ಕೂಗು. ಟಕ್. ಬಿಡುವು. ತಿಪ್ಪೇಶಿ ಅಲ್ಲ. ಅದರ ಬೆನ್ನಿಗೇ ಮತ್ತೆರಡು ಮಾತು, ಇನ್ನೂ ಸಣ್ಣಗೆ, ಆದರೆ ಒಂದು ಅಕ್ಷರವೂ ಮುರಿಯದೆ.

ಟೆಂಟಿನ ಆಪರೇಟ್ರು.

ಗೋಣೆಪ್ಪ ಬರೆದು, ಬರೆದದ್ದನ್ನು ಓದಿ, ಪೆನ್ನು ಎತ್ತಿದ. ಕಲ್ಲೇಶಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹಾಲೇಶಪ್ಪೋರೆ. ಎಪ್ಪತ್ಮೂರರಾಗೆ ಜಗಳೂರಿನ ಟೆಂಟಿನಾಗೆ ಆಪರೇಟರ್ ಯಾರಿದ್ರು?"

"ನಿನ್ನ ಉಳಸಾಕೇ ಕೊಯ್ದಿದ್ದೆ, ಹಾಲೇಶಣ್ಣ" ಎಂದ ಮಲ್ಲಿಕಾರ್ಜುನಪ್ಪ. ಅವನ ದನಿಯಲ್ಲಿ ಮರುಕವಿತ್ತು. "ನೀನೇ ತಂದು ಹಾಕಿಸಿದೆ."

"ಕೊಯ್ದೆ ಅಂದ್ರು, ಗೋಣೆಪ್ಪೋರೆ" ಎಂದ ಹಾಲೇಶಪ್ಪ. "ಹರೀತು ಅಂದಿದ್ರು ಆಗಲೇ. ಎರಡನ್ನೂ ಬರಕೊಳ್ರಿ."

ಪೇದೆ ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತ. ಬಿಳಿ ಸಫಾರಿಯ ಬೆನ್ನು ಅಷ್ಟರಲ್ಲಿ ಬೆವರಿಗೆ ಒದ್ದೆಯಾಗಿತ್ತು.

ಹಾಲೇಶಪ್ಪ ಕಲ್ಲೇಶಪ್ಪನವರ ಕಡೆ ತಿರುಗಿದ. ಬಲಗಿವಿ ಮುಂದೆ ಮಾಡಿ ಬಾಗಲಿಲ್ಲ, ನೆಟ್ಟಗೆ ನಿಂತ.

"ಟೆಂಟಿನ ಆಪರೇಟರ್ ನಾನೇ, ಸಾಹೇಬ್ರೆ. ಮೇಷ್ಟ್ರನ್ನ ನೂಕಿದೋನು ನಾನಲ್ಲ." ಗೋಣೆಪ್ಪನ ಪೆನ್ನಿನ ತುದಿ ನೋಡುತ್ತ ಹೇಳಿದ. "ಪೂರ್ತಿ ಬರೀರಿ. ಕೊನೇದು ಬಿಡಬ್ಯಾಡ್ರಿ."

ಗೋಣೆಪ್ಪ ಕೊನೆಯದನ್ನೂ ಬರೆದು ಕೆಳಗೆ ಗೆರೆ ಎಳೆದ.

ಮೇಷ್ಟ್ರು ಸತ್ತ ಸಂಜೆ ಎಲ್ಲಿದ್ದಿರಿ ಎಂದು ಕಲ್ಲೇಶಪ್ಪನವರು ಕೇಳಿದರು. ಹಾಲೇಶಪ್ಪನಿಗೆ ನೆನಪು ತೆಗೆಯಬೇಕಾಗಲಿಲ್ಲ. ಅಂದು ತಂಗಿಯ ಸೀಮಂತ. ನ್ಯಾಮತಿಯವರೆಗೆ ಬಸ್ಸು, ಅಲ್ಲಿಂದ ಗೋವಿನಕೋವಿಗೆ ಎತ್ತಿನ ಗಾಡಿ. ಟೆಂಟಿನ ಮುಂದೆ ಇಂದು ಆಟವಿಲ್ಲ ಎಂಬ ಬೋರ್ಡು ನೇತುಹಾಕಿ ಹೋಗಿದ್ದ. ಎಲ್ಲಿಗೆ ಹೋದರೂ ಪ್ರೊಜೆಕ್ಟರಿನ ಲೆನ್ಸು ಬಿಚ್ಚಿ, ಹಳೇ ಬನಿಯನ್ನಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಹೋಗುವುದು ಅವನ ರೂಢಿ. ಅಂದೂ ಲೆನ್ಸು ಅವನ ಚೀಲದಲ್ಲೇ ಇತ್ತು. ಆರತಿ ತಟ್ಟೆಯ ಪಕ್ಕ ಇಟ್ಟದ್ದಕ್ಕೆ ಅವ್ವ ಬೈದದ್ದೂ ನೆನಪಿತ್ತು. ಲೆನ್ಸಿಲ್ಲದೆ ಪರದೆಯ ಮೇಲೆ ಒಂದು ಮುಖವೂ ಮೂಡುವುದಿಲ್ಲ. ಅಂದು ಆಟ ನಡೆಯಲು ಸಾಧ್ಯವೇ ಇರಲಿಲ್ಲ.

"ಆಟ ಇತ್ತಲ್ಲ ಯಣ್ಣ" ಎಂದ ತಿಪ್ಪೇಶಪ್ಪ.

ಬಿಡುಗಡೆಯಾದ ಮೇಲೆ ಅವನು ಆಡಿದ ಮೊದಲ ಮಾತು ಅದು. ಎಲ್ಲರೂ ತಿರುಗಿದರು. ಕಂಬಳಿಯನ್ನು ಎದೆಗೆ ಒತ್ತಿಕೊಂಡು ಅವನು ಹನ್ನೊಂದು ವರ್ಷದ ಹಿಂದಿನ ದಾರಿಯೊಂದನ್ನು ನೋಡುತ್ತಿರುವಂತೆ ನಿಂತಿದ್ದ.

"ಹೊತ್ತು ಮುಳುಗಾಕೆ ಕುರಿ ಹೊಡಕಂಡು ಆ ಬಾವಿ ಕಡೆಯಿಂದಲೇ ಬಂದೆ. ಬೋರ್ಡು ನೇತಾಡ್ತಿತ್ತು. ಬಾಗಲಿಗೆ ಬೀಗ ಹಾಕಿತ್ತು, ಟಿಕೀಟಿಗೆ ಒಬ್ಬ ನರಮನುಷ್ಯ ನಿಂತಿರಲಿಲ್ಲ." ಅವನು ಹಾಲೇಶಪ್ಪನ ಬಲಗಿವಿಯ ಕಡೆಗೆ ಬಂದು ಹೇಳಿದ. "ಒಳಗೆ ಪಿಚ್ಚರ್ ಮಾತ್ರ ಜೋರಾಗಿ ಮಾತಾಡ್ತಿತ್ತು, ಯಣ್ಣ. ಬಾವಿ ಹತ್ರ ಯಾರು ಕೂಗಿದ್ರೂ ಕೇಳದಂಗೆ."

ಮುಖಕ್ಕೆ ಲೆನ್ಸು ಬೇಕು, ದನಿಗೆ ಬೇಡ; ಆ ದನಿ ಕೇಳಿಯೇ ಅಜ್ಜಮ್ಮ ಆಪರೇಟ್ರು ಎಂದಿದ್ದಳು ಎಂದು ಹೊಳೆದು, ಹಾಲೇಶಪ್ಪ ಮಲ್ಲಿಕಾರ್ಜುನಪ್ಪನ ಕಡೆ ತಿರುಗಿದ.